ಗಿರಿಜಾ ಕೊಡಚಾದ್ರಿ ಹತ್ತಿದ ವರ್ಷ

ಯಾವ ಗಾಡಿ ಸ್ಟಾರ್ಟ್ ಆದರೂ ನನ್ನ ಬಾಯಿಂದ ‘ರೈಟ್!’ ಅಂತ ಬಂದುಬಿಡುತ್ತದೆ. ಬಸ್ಸಿನ ಕಂಡಕ್ಟರ್ ಕೆಲಸ ಬಿಟ್ಟು ವರ್ಷಗಳೇ ಆದವು, ಬಾಯಿ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಮೊನ್ನೆ ಪಕ್ಕದ ಮನೆಗೆ ಹೆಣ್ಣು ನೋಡಲು ಬಂದವರು ಹೊರಡುವ ಮೊದಲು ಅಂಗಳದಲ್ಲಿ ನಿಂತು ಏನೋ ಮಾತಾಡುತ್ತಿದ್ದರು. ಅವರ ಡ್ರೈವರ್ ಕಾರು ಸ್ಟಾರ್ಟ್ ಮಾಡಿದ. ಜಗಲಿಯಲ್ಲಿ ಪೇಪರ್ ಓದುತ್ತಿದ್ದ ನಾನು ತಲೆ ಎತ್ತದೆ ‘ರೈಟ್, ಹೋಗ್ಲಿ’ ಅಂದೆ. ಅವರು ಗಡಿಬಿಡಿಯಲ್ಲಿ ಹತ್ತಿ ಹೊರಟೇಬಿಟ್ಟರು. ಆ ಸಂಬಂಧ ಕೂಡಿಬರಲಿಲ್ಲ. ಅದಕ್ಕೆ ನಾನು ಕಾರಣ ಅಲ್ಲ ಅಂತ ನನ್ನ ಹೆಂಡತಿ ಗಿರಿಜಾ ಪಕ್ಕದ ಮನೆಯವರಿಗೆ ಹೇಳಿದ್ದಾಳೆ. ನನಗೆ ಹೇಳಿದ್ದು ಬೇರೆ.

ನಾನಿದ್ದದ್ದು ಸಾಗರದಿಂದ ಹೊಸನಗರ, ನಗರ, ನಿಟ್ಟೂರು ಹಾದು ಕೊಲ್ಲೂರಿಗೆ ಹೋಗುವ ಬಸ್ಸಿನಲ್ಲಿ. ನಿಟ್ಟೂರು ದಾಟಿದ ಮೇಲೆ ಕಾಡಿನೊಳಗೆ ಒಂದು ಕಾಲುದಾರಿ ಹೊರಡುತ್ತದೆ. ಅಲ್ಲಿ ಬಸ್ಸಿನ ಬಾಗಿಲು ಬಡಿದು ‘ಕೊಡಚಾದ್ರಿ ಹತ್ತೋರು ಇಳೀರಿ’ ಅಂತ ಕೂಗುವುದು ನನ್ನ ದಿನದ ದೊಡ್ಡ ಗತ್ತು. ಕೂಗಿದ್ದಷ್ಟೇ ಆದರೆ ಸರಿ, ಇಳಿದವರಿಗೆ ಉಪದೇಶ ಬೇರೆ. ‘ಫಾಲ್ಸ್ ಹತ್ರ ಜಾರ್ತದೆ, ನೋಡ್ಕಂಡು ಹತ್ತಿ. ಹುಲ್ಲುಗುಡ್ಡ ಬಂದ್ಮೇಲೆ ಗಾಳಿ ಜೋರು, ಟೋಪಿ ಹುಷಾರು. ಸೂರ್ಯ ಮುಳುಗೋದು ನೋಡ್ದೆ ಮಾತ್ರ ಬರ್ಬೇಡಿ ಮಾರಾಯ್ರೆ.’ ಇಷ್ಟು ಹೇಳಿ, ಬೆಟ್ಟವನ್ನು ನಮ್ಮಜ್ಜನೇ ಕಟ್ಟಿಸಿದ್ದೋ ಎನ್ನುವ ಹಾಗೆ ಅದರ ಕಡೆ ಒಂದು ಸಲ ನೋಡಿ ಸೀಟಿ ಊದುತ್ತಿದ್ದೆ. ಆ ಕಾಲುದಾರಿಯಲ್ಲಿ ಒಂದು ಫರ್ಲಾಂಗೂ ನಡೆದವನಲ್ಲ ನಾನು. ಸಂಜೆ ಬಸ್ಸಿನಲ್ಲಿ ಇಳಿದು ಬಂದವರು ಹೇಳಿದ್ದನ್ನು ಮರುದಿನ ಬೆಳಿಗ್ಗೆ ಹತ್ತುವವರಿಗೆ ದಾಟಿಸುತ್ತಿದ್ದೆ, ಅಷ್ಟೆ.

ಬೆಟ್ಟದ ಮೇಲೆ ಈಗ ಯಾವ ಕಾಲ ಎನ್ನುವುದು ನನಗೆ ಗೊತ್ತಾಗುತ್ತಿದ್ದದ್ದು ಬಸ್ಸಿನ ನೆಲ ನೋಡಿ. ಮಳೆಗಾಲದಲ್ಲಿ ಸೀಟಿನ ಕೆಳಗೆ ಕೆಂಪು ಕೆಸರು, ಅದರಲ್ಲಿ ರಕ್ತ ಕುಡಿದು ದ್ರಾಕ್ಷಿಯಂತೆ ಉಬ್ಬಿದ ಇಂಬಳಗಳು. ದೀಪಾವಳಿ ಹೊತ್ತಿಗೆ ಪ್ಯಾಂಟಿಗೆ ಅಂಟಿಕೊಂಡು ಬಂದ ಹುಲ್ಲಿನ ಮುಳ್ಳು. ಬೇಸಿಗೆಯಲ್ಲಿ ಬರೀ ಧೂಳು, ನಡುವೆ ಯಾರೋ ಜೇಬಿನಲ್ಲಿ ತಂದು ಚೆಲ್ಲಿದ ಒಣಗಿದ ಸುರಗಿ ಹೂವು. ಆ ಹೂವಿನ ವಾಸನೆ ಬಸ್ಸು ಸಾಗರ ಮುಟ್ಟುವವರೆಗೂ ಇರುತ್ತಿತ್ತು. ಡೀಸೆಲ್ಲಿಗೂ ಅದನ್ನು ಸೋಲಿಸಲು ಆಗುತ್ತಿರಲಿಲ್ಲ.

ಗಿರಿಜಾ ನನಗೆ ಸಿಕ್ಕಿದ್ದೂ ಅದೇ ಬಸ್ಸಿನಲ್ಲಿ. ಅವಳ ತವರು ನಿಟ್ಟೂರಿನ ಹತ್ತಿರ, ಬೆಟ್ಟದ ಕಾಲಬುಡದಲ್ಲಿ. ಒಂದು ದಿನ ಕೋಳಿ ಹಿಡಿದುಕೊಂಡು ಹತ್ತಿದಳು. ಆಗ ನಾನು ಹೊಸಬ, ಕಾಯಿದೆ ಜಾಸ್ತಿ. ಕೋಳಿಗೂ ಟಿಕೆಟ್ ಕೇಳಿದೆ. ‘ಕೋಳಿಗೆ ಸೀಟು ಕೊಡಿ, ಕೊಡ್ತೀನಿ’ ಅಂದಳು. ಇಡೀ ಬಸ್ಸು ನಕ್ಕಿತು. ಮದುವೆಯಾಗಿ ಸಾಗರಕ್ಕೆ ಬಂದವಳು, ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯ ನಮ್ಮ ಸಣ್ಣ ಮನೆಯಲ್ಲಿ ಮಕ್ಕಳನ್ನು ಬೆಳೆಸಿ, ಹೊಲಿಗೆ ಮೆಷಿನ್ ತುಳಿದು, ಮಕ್ಕಳ ಮದುವೆ ಮಾಡಿ ದಿನ ಕಳೆದಳು. ಚಿಕ್ಕವಳಿದ್ದಾಗ ಬೆಟ್ಟದ ಮೇಲೆ ಓಡಾಡುತ್ತಿದ್ದ ಕತೆ ಯಾವಾಗಾದರೂ ಒಮ್ಮೆ ಬರುತ್ತಿತ್ತು. ದನ ಹುಡುಕಲು ಹೋಗಿ ಹುಲ್ಲುಗುಡ್ಡದವರೆಗೂ ಹತ್ತಿದ್ದು, ಹುಳಿ ಮುರುಗಲು ಹಣ್ಣು ತಿಂದು ಹಲ್ಲು ಜುಮ್ಮೆಂದದ್ದು. ‘ಒಂದ್ಸಲ ಕರ್ಕಂಡು ಹೋಗ್ತೀನಿ ಇರು’ ಅನ್ನುತ್ತಿದ್ದೆ ನಾನು. ಆದರೆ ರಜಾ ಸಿಕ್ಕಾಗ ಬರೀ ನಿದ್ದೆ ಮಾಡುತ್ತಿದ್ದೆ.

ನಾನು ಕೆಲಸ ಬಿಟ್ಟ ಮೇಲೆ ಒಂದು ಶ್ರಾವಣದಲ್ಲಿ ಅವಳು ಬಚ್ಚಲಿನಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ, ಸೊಂಟದ ಹತ್ತಿರ. ಶಿವಮೊಗ್ಗದಲ್ಲಿ ಆಪರೇಷನ್ ಆಗಿ ಒಳಗೆ ರಾಡು ಹಾಕಿದರು. ಮನೆಗೆ ಬಂದ ಮೇಲೆ ವಾಕರ್ ಹಿಡಿದು ನಡೆಯಬೇಕು ಅಂತ ಡಾಕ್ಟರು ಹೇಳಿದ್ದರು. ಅವಳು ನಡೆಯಲಿಲ್ಲ. ಮಂಚದಿಂದ ಬಚ್ಚಲು, ಬಚ್ಚಲಿಂದ ಮಂಚ, ಅದೂ ನನ್ನ ಹೆಗಲು ಬೇಕು. ಕೋಳಿಗೆ ಸೀಟು ಕೇಳಿದವಳು ಒಂದು ಲೋಟ ನೀರು ಬೇಕಾದರೂ ಕೇಳದೆ ಸುಮ್ಮನಿರುತ್ತಿದ್ದಳು. ಕಣ್ಣು ಯಾವಾಗಲೂ ಗೋಡೆಯ ಮೇಲೆ. ನಾನು ತಮಾಷೆ ಮಾಡಿದೆ, ರೇಗಿದೆ, ಒಂದು ಸಲ ಅತ್ತೂಬಿಟ್ಟೆ. ಏನೂ ಪ್ರಯೋಜನವಾಗಲಿಲ್ಲ.

ನೋಡಲು ಬರುವವರು ಇನ್ನೊಂದು ಕಷ್ಟ. ಹಣ್ಣು ತರುತ್ತಾರೆ, ಜೊತೆಗೆ ಯಾರೋ ಹೀಗೆಯೇ ಬಿದ್ದು ಮತ್ತೆ ಏಳದೇ ಹೋದ ಕತೆಯನ್ನೂ ತರುತ್ತಾರೆ. ಅದರಲ್ಲಿ ನಮ್ಮಕ್ಕ ಎಲ್ಲರಿಗಿಂತ ಮುಂದೆ. ಕೋಣಂದೂರಿಗೆ ಕೊಟ್ಟ ನನ್ನ ದೊಡ್ಡಕ್ಕ. ಅಮ್ಮ ಬೇಗ ಹೋದದ್ದರಿಂದ ನನ್ನನ್ನು ಸಾಕಿದವಳು. ಹೃದಯ ಬೆಣ್ಣೆ, ಬಾಯಿ ಕತ್ತಿ. ದೀಪಾವಳಿಯ ವೇಳೆಗೆ ಬಂದವಳು ಗಿರಿಜಾಳ ಮಂಚದ ಪಕ್ಕ ಕೂತು ಎಲೆಗೆ ಸುಣ್ಣ ಸವರುತ್ತ ಅಂದಳು:

‘ಈ ವಯಸ್ಸಲ್ಲಿ ಮೂಳೆ ಮುರಿದ್ಮೇಲೆ ಮುಗೀತು ಗಿರಿಜಾ. ಕೂತಲ್ಲೇ ಎಲ್ಲ ಮಾಡಿಸ್ಕ. ಇನ್ನು ನಿಂಗೆ ಅಂಗಳ ಇಳಿಯೋ ಆಸೆನೂ ಬ್ಯಾಡ.’

ನನಗೆ ಸಿಟ್ಟು ಬಂತು, ಆದರೆ ಅಕ್ಕನಿಗೆ ಎದುರಾಡುವ ಧೈರ್ಯ ನನಗೆ ಹುಟ್ಟಿನಿಂದಲೂ ಇಲ್ಲ. ಅಡಿಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡಿದೆ. ಆಗ ಕೋಣೆಯಿಂದ ಗಿರಿಜಾಳ ದನಿ ಕೇಳಿತು. ತಿಂಗಳುಗಳ ಮೇಲೆ ಕೇಳಿದ, ಹಳೆಯ ಗಿರಿಜಾಳ ದನಿ.

‘ಅಂಗಳ ಎಂತಕ್ಕೆ ಅತ್ತಿಗೆ, ನಾನು ಕೊಡಚಾದ್ರಿ ಹತ್ತುತೀನಿ.’

ಬಾಗಿಲಲ್ಲಿ ಇಣುಕಿದರೆ ಅಕ್ಕ ಎಲೆ ಕೆಳಗಿಡುತ್ತಿದ್ದಳು. ‘ತಲೆಗೂ ಪೆಟ್ಟಾಗಿದ್ಯನಾ ಇವ್ಳಿಗೆ?’

‘ಮುಂದಿನ ದೀಪಾವಳಿ ಒಳಗೆ. ನಡ್ಕಂಡು. ರೀ, ಆ ವಾಕರ್ ತಗಂಬನ್ನಿ ಇಲ್ಲಿ.’

ಪಾತ್ರೆ ಅಲ್ಲೇ ಬಿಟ್ಟು ಓಡಿದೆ. ಅವತ್ತು ಅವಳು ಹಲ್ಲು ಕಚ್ಚಿಕೊಂಡು ಗೇಟಿನವರೆಗೆ ಹೋಗಿಬಂದಳು. ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. ಅಕ್ಕ ಬಾಗಿಲಲ್ಲಿ ನಿಂತು ‘ಬೀಳ್ತಾಳೆ, ಬೀಳ್ತಾಳೆ’ ಅನ್ನುತ್ತಲೇ ಇದ್ದಳು. ಬೀಳಲಿಲ್ಲ.

ವಾಕರ್ ಹೋಗಿ ಕೋಲು ಬಂತು. ಡಾಕ್ಟರಿಗೆ ಬೆಟ್ಟದ ವಿಷಯ ಹೇಳಿದಾಗ ಅವರು ನಕ್ಕು, ‘ಮೂಳೆ ಚೆನ್ನಾಗಿ ಕೂಡಿದೆ, ನಡೆದಷ್ಟೂ ಒಳ್ಳೇದು, ಬೀಳೋದು ಒಂದು ಬೇಡ’ ಅಂದರು. ಗಿರಿಜಾ ಅದನ್ನು ಅಪ್ಪಣೆ ಅಂತಲೇ ತೆಗೆದುಕೊಂಡಳು. ಬೆಳಿಗ್ಗೆ ಸಂಜೆ ಗಣಪತಿ ಕೆರೆಯ ಸುತ್ತ ನಮ್ಮ ಸವಾರಿ. ಮಗಳು ಕೊಡಿಸಿದ ಕೆಂಪು ಬಣ್ಣದ ಶೂ ಹಾಕಿ, ಸೀರೆ ಸ್ವಲ್ಪ ಎತ್ತಿ ಕಟ್ಟಿ ಅವಳು ಮುಂದೆ, ಮೂವತ್ತು ವರ್ಷ ಬಸ್ಸಿನ ಉದ್ದಕ್ಕೆ ಮಾತ್ರ ನಡೆದು ಬೆಳೆಸಿದ ಹೊಟ್ಟೆ ಹೊತ್ತು ನಾನು ಹಿಂದೆ. ಯಾರು ರೋಗಿ ಅಂತ ಹೊಸಬರಿಗೆ ತಿಳಿಯುತ್ತಿರಲಿಲ್ಲ.

ಮಾಗಿಯ ಚಳಿಯಲ್ಲಿ ಮೊದಲ ಸಲ ಬೆಟ್ಟಕ್ಕೆ ಹೋದೆವು. ಬೆಳಗಿನ ಬಸ್ಸಿನಲ್ಲಿ ಹೋಗಿ ನಾನೇ ಸಾವಿರ ಸಲ ಜನರನ್ನು ಇಳಿಸಿದ ಜಾಗದಲ್ಲಿ ಇಳಿದೆವು. ಬಸ್ಸು ನಮ್ಮನ್ನು ಬಿಟ್ಟು ಹೋದಾಗ ಒಂಥರಾ ಅನಾಥ ಭಾವ. ಕಾಡು ಹೊಕ್ಕರೆ ಮಂಜು. ಹತ್ತು ಮಾರು ಮುಂದಿನ ಮರ ಕಾಣದು, ಎಲೆಯಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಮಾತ್ರ. ನಾನು ನನ್ನ ಹಳೆಯ ಉಪದೇಶಗಳನ್ನು ಶುರುಮಾಡಿದೆ. ‘ಇಲ್ಲಿಂದ ಎಡಕ್ಕೆ.’ ಗಿರಿಜಾ ನಿಂತು ಮೂಗು ಎತ್ತಿ ಗಾಳಿ ಎಳೆದುಕೊಂಡಳು. ‘ಎಡಕ್ಕೆ ಹೋದ್ರೆ ಹಳ್ಳ ಮಾರಾಯ್ರೆ’ ಅಂದಳು. ಹೌದು, ಹಳ್ಳ. ಅಂದು ನಮ್ಮ ಯಾತ್ರೆ ಆ ಹಳ್ಳದವರೆಗೇ. ಅವಳು ಶೂ ಬಿಚ್ಚಿ ತಣ್ಣನೆಯ ನೀರಿನಲ್ಲಿ ಕಾಲು ಇಳಿಬಿಟ್ಟು, ಆಪರೇಷನ್ ಆದ ಕಾಲನ್ನು ಮಗುವಿನ ಹಾಗೆ ತಿಕ್ಕಿ ತೊಳೆದಳು. ‘ಗುರ್ತು ಸಿಕ್ತಾ?’ ಅಂತ ಕೇಳಿದಳು. ನನ್ನನ್ನು ಅಂದುಕೊಂಡೆ. ಕಾಲನ್ನು ಕೇಳಿದ್ದು.

ಎರಡನೇ ಸಲ ಬೇಸಿಗೆ. ಸುರಗಿ ಬಿಟ್ಟಿತ್ತು. ಮರ ಕಾಣುವ ಮೊದಲೇ ವಾಸನೆ ಬರುತ್ತದೆ, ಹತ್ತಿರ ಹೋದರೆ ಜೇನಿನ ಗುಂಯ್‌ಗುಡುವ ಸದ್ದು. ಕಾಡಿನ ಮಧ್ಯೆ ಒಂದು ಬಯಲು, ಅಲ್ಲೊಂದು ಮನೆ. ಹತ್ತುವವರಿಗೆ ದೋಸೆ, ಚಹಾ ಮಾಡಿಕೊಡುತ್ತಾರೆ. ಅದನ್ನು ನಡೆಸುವವಳು ಪದ್ಮಾ, ಗಿರಿಜಾಳ ಜೊತೆ ಶಾಲೆಗೆ ಹೋದವಳು. ಇವಳನ್ನು ನೋಡಿ ದೋಸೆ ಸಟ್ಟುಗ ಹಿಡಿದೇ ಓಡಿಬಂದಳು.

‘ಗಿರಿಜಾನಾ? ಎಂತ ಮಾರಾಯ್ತಿ, ಮುದುಕಿ ಆಗಿದೀಯಲ್ಲೇ!’

‘ನೀನೇನು ಮದುಮಗಳ ಹಾಗೆ ಇದೀಯನಾ?’

ಇಬ್ಬರೂ ತಬ್ಬಿಕೊಂಡು ನಕ್ಕು ನಕ್ಕು ಸುಸ್ತಾದರು. ಒಲೆಯ ಮೇಲಿನ ದೋಸೆ ಕರಕಲಾಯಿತು. ಅದನ್ನು ನನಗೆ ಕೊಟ್ಟರು.

ಅಲ್ಲಿಂದ ಮುಂದೆ ಫಾಲ್ಸಿನ ಕಡೆ ಏರು. ಗಿರಿಜಾ ಕೋಲೂರಿ ಒಂದೇ ಸಮನೆ ಹತ್ತುತ್ತಿದ್ದಳು. ಬಿಸಿಲು ನೆತ್ತಿಗೆ ಬಂದಿತ್ತು, ಒಣಗಿದ ಎಲೆಯ ಮೇಲೆ ಕಾಲು ಜಾರುತ್ತಿತ್ತು. ಇದ್ದಕ್ಕಿದ್ದಂತೆ ನನಗೆ ಕಣ್ಣು ಕತ್ತಲೆ ಬಂತು. ಮರ ಹಿಡಿದು ಕೂತೆ. ಅವಳು ಹಿಂದೆ ತಿರುಗಿ ನೋಡಿ, ಇಳಿದು ಬಂದು, ಸೆರಗಿನಲ್ಲಿ ಗಾಳಿ ಹಾಕಿ ನೀರು ಕುಡಿಸಿದಳು.

‘ಇನ್ನೊಂದು ಸ್ವಲ್ಪ ಗಿರಿಜಾ, ಹೋಗಾಣ’ ಅಂದೆ.

‘ಬೆಟ್ಟ ಎಲ್ಲಿಗೂ ಹೋಗಲ್ಲ. ನೀವು ಹೋದ್ರೆ ಕಷ್ಟ.’

ಇಳಿದೆವು. ಮುರಿದ ಕಾಲಿನವಳು ಗಟ್ಟಿಕಾಲಿನವನ ಕೈ ಹಿಡಿದು ಇಳಿಸಿದಳು. ಈ ಸುದ್ದಿ ಕೋಣಂದೂರು ಮುಟ್ಟಲು ಬಸ್ಸೂ ಬೇಕಾಗಲಿಲ್ಲ. ಸಂಜೆ ಅಕ್ಕನ ಫೋನು: ‘ಇಬ್ರೂ ಸೇರಿ ಸಾಯೋಕೆ ಹೊರಟಿದೀರಾ? ಒಂದು ರಾಡು ಸಾಲದಾ ನಿಮ್ಗೆ?’ ಗಿರಿಜಾ ಫೋನು ನನ್ನ ಕೈಯಿಂದ ತೆಗೆದುಕೊಂಡು ‘ನಿಮ್ಮ ತಮ್ಮಂಗೆ ಅನ್ನ ಕಮ್ಮಿ ಮಾಡ್ತೀನಿ ಅತ್ತಿಗೆ’ ಅಂದಳು. ಮಾಡಿದಳು. ಆ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹಸಿವೆಯಲ್ಲಿ ಬರೆದದ್ದು ಸಾಹಿತ್ಯವಾಗುತ್ತದೆ ಅಂತ ಯಾರೋ ಹೇಳುತ್ತಾರೆ, ನನಗೆ ಬರೀ ತಲೆನೋವಾಯಿತು.

ಈಗೆಲ್ಲ ಮಳೆಗಾಲದಲ್ಲಿ ಅರಣ್ಯದವರು ಮೇಲಿನ ದಾರಿಗೆ ಬಿಡುವುದಿಲ್ಲ. ಆದರೂ ಪದ್ಮಾಳ ಮನೆಯವರೆಗೆ ಹೋಗಿಬರೋಣ ಅಂದಳು ಗಿರಿಜಾ. ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ಹೋದೆವು. ಸುಣ್ಣ ತಂಬಾಕು ಕಲಸಿದ ಬಟ್ಟೆಯ ಗಂಟನ್ನು ಕೋಲಿನ ತುದಿಗೆ ಕಟ್ಟಿ, ಇಂಬಳ ಹತ್ತಿದಲ್ಲೆಲ್ಲ ಮುಟ್ಟಿಸುತ್ತ ನಡೆಯಬೇಕು. ಬೇಸಿಗೆಯಲ್ಲಿ ಕಂಡ ದಾರಿ ಇದೇನಾ ಅನ್ನಿಸಿತು. ಪ್ರತಿ ಕಲ್ಲಿಗೂ ಹಸಿರು ಪಾಚಿ, ಪ್ರತಿ ಸಂದಿಯಲ್ಲೂ ನೀರಿನ ಸದ್ದು, ನಮ್ಮ ಹಳೆಯ ಸಣ್ಣ ಹಳ್ಳ ಕೆಂಪಾಗಿ ಕೂಗುತ್ತ ಓಡುತ್ತಿತ್ತು. ಅದಕ್ಕೆ ಅಡ್ಡ ಹಾಕಿದ್ದ ಮರದ ದಿಮ್ಮಿಯ ಮುಂದೆ ಗಿರಿಜಾ ನಿಂತುಬಿಟ್ಟಳು. ಬಚ್ಚಲಿನಲ್ಲಿ ಬಿದ್ದವಳಿಗೆ ಪಾಚಿ ಅಂದರೆ ಏನೆಂದು ನನಗೆ ಅವತ್ತು ತಿಳಿಯಿತು. ‘ವಾಪಸ್ ಹೋಗಾಣ’ ಅಂದೆ. ಅವಳು ಶೂ ಬಿಚ್ಚಿ ನನ್ನ ಕೊರಳಿಗೆ ಹಾಕಿ, ಬರಿಗಾಲಿನ ಬೆರಳುಗಳನ್ನು ದಿಮ್ಮಿಗೆ ಒತ್ತಿ ನೋಡಿದಳು. ಒಂದು ಹೆಜ್ಜೆ. ನಿಂತಳು. ಇನ್ನೊಂದು. ಆಚೆ ದಡದಲ್ಲಿ ತಿರುಗಿ ನಿಂತು ನಕ್ಕಳು ನೋಡಿ, ಮದುವೆಯ ಫೋಟೋದಲ್ಲೂ ಹಾಗೆ ನಕ್ಕಿಲ್ಲ ಅವಳು. ನಾನು ಆ ದಿಮ್ಮಿ ದಾಟಿದ್ದು ಕುದುರೆ ಸವಾರಿಯ ಭಂಗಿಯಲ್ಲಿ, ಕುಂತು. ಅದರ ಫೋಟೋ ಇಲ್ಲ ಎನ್ನುವುದೇ ಸಮಾಧಾನ.

ಮಳೆ ಹೋಯಿತು, ದಸರೆ ಮುಗಿಯಿತು. ಹೇಳಿದ ಮಾತಿನ ಹಾಗೆ ದೀಪಾವಳಿಯ ಮೊದಲು ಹೊರಡುವುದು ಅಂತ ನಿಶ್ಚಯವಾಯಿತು. ಅಕ್ಕ ಕರೆಯದೇ ಬಂದಳು. ‘ನಾನು ಜೀಪಲ್ಲಿ ಬರ್ತೀನಿ. ಅರ್ಧಕ್ಕೆ ಬಿದ್ರೆ ಎತ್ತಾಕ್ಕಂಡು ಬರೋಕೆ ಜನ ಬೇಕಲ್ಲ’ ಅಂದಳು. ನಿಟ್ಟೂರಿನಲ್ಲಿ ಅವಳನ್ನು ಬೆಟ್ಟದ ಮೇಲಕ್ಕೆ ಹೋಗುವ ಜೀಪು ಹತ್ತಿಸಿ ನಾವು ಕಾಡು ಹೊಕ್ಕೆವು.

ಅಂದಿನ ಕಾಡು ಆಗಷ್ಟೇ ಸ್ನಾನ ಮುಗಿಸಿ ಹೊರಬಂದಂತಿತ್ತು. ಎಲೆಗಳ ಮೇಲೆ ಎಳೆಬಿಸಿಲು, ಮೇಲೆಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು. ಪದ್ಮಾ ಬೆಲ್ಲದ ಚಹಾ ಕೊಟ್ಟು, ಬಾಳೆಎಲೆಯಲ್ಲಿ ದೋಸೆ ಕಟ್ಟಿ, ‘ಇವತ್ತು ವಾಪಸ್ ಬಂದ್ರೆ ಒಳಗೆ ಸೇರ್ಸಲ್ಲ ಹೋಗು’ ಅಂತ ಗದರಿಸಿ ಕಳಿಸಿದಳು. ಬೇಸಿಗೆಯಲ್ಲಿ ನಾನು ಕೂತ ಮರ ಬಂತು. ಅದನ್ನು ದಾಟಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ನಾನೇ ಮರಕ್ಕೊಂದು ತಟ್ಟಿ ಮುಂದೆ ಹೋದೆ.

ಫಾಲ್ಸಿನ ಪಕ್ಕದ ಬಂಡೆ ಬಂತು. ಸೊಂಟದೆತ್ತರದ ಮೆಟ್ಟಿಲು, ನೀರಿನ ತುಂತುರಿಗೆ ಒದ್ದೆ. ಹುಡುಗರು ಒಂದು ಕಾಲು ಎತ್ತಿಟ್ಟು ಹಾರಿ ಹೋಗುತ್ತಿದ್ದರು. ಗಿರಿಜಾಳ ಕಾಲು ಅಷ್ಟು ಎತ್ತರಕ್ಕೆ ಏಳಲಿಲ್ಲ. ಒಂದು ಸಲ, ಎರಡು ಸಲ. ಮೂರನೇ ಸಲ ನೋವಿಗೆ ಕೂಗಿಬಿಟ್ಟಳು. ಕೂತಳು. ಮುಖ ಸೆರಗಿನಲ್ಲಿ ಮುಚ್ಚಿಕೊಂಡಳು. ನಾನು ಪಕ್ಕದಲ್ಲಿ ಕೂತೆ. ನೀರು ಬೀಳುತ್ತಲೇ ಇತ್ತು. ಇಷ್ಟು ದಿನದ ಕಷ್ಟವೆಲ್ಲ ಈ ಒಂದು ಕಲ್ಲಿನ ಮುಂದೆ ನಿಂತಿತಲ್ಲ ಅನ್ನಿಸಿತು.

ಸ್ವಲ್ಪ ಹೊತ್ತಾದ ಮೇಲೆ ಸೆರಗಿನೊಳಗಿನಿಂದ ನಗು ಕೇಳಿತು.

‘ರೀ, ಎದುರಿಂದಲೇ ಹತ್ಬೇಕು ಅಂತ ಯಾರು ಹೇಳಿದಾರೆ?’

ಬಂಡೆಗೆ ಬೆನ್ನು ಮಾಡಿ ನಿಂತು, ಎರಡೂ ಕೈ ಹಿಂದೆ ಊರಿ, ‘ಎತ್ರಿ’ ಅಂದಳು. ನಾನು ಅವಳ ಗಟ್ಟಿ ಕಾಲಿಗೆ ನನ್ನ ಮೊಣಕಾಲನ್ನೇ ಮೆಟ್ಟಿಲು ಮಾಡಿದೆ. ಅದನ್ನು ತುಳಿದು ಹಿಂದಕ್ಕೆ ದೂಡಿಕೊಂಡು ಬಂಡೆಯ ಮೇಲೆ ಕುಂತುಬಿಟ್ಟಳು. ಆಮೇಲೆ ಮುಂದಿನ ಬಂಡೆ, ಅದರ ಮುಂದಿನದು, ಎಲ್ಲವನ್ನೂ ಕುಂತುಕೊಂಡೇ, ಹಿಂದುಮುಂದಾಗಿ, ನನ್ನನ್ನು ನೋಡಿ ಗಟ್ಟಿಯಾಗಿ ನಗುತ್ತ ಹತ್ತಿದಳು. ಹಿಂದೆ ಬರುತ್ತಿದ್ದ ಕಾಲೇಜು ಹುಡುಗಿಯರು ಮೊದಲು ದಿಗಿಲಾಗಿ ನೋಡಿದರು. ಕೊನೆಯ ಬಂಡೆಗೆ ಬರುವಾಗ ಅವರಲ್ಲಿ ಇಬ್ಬರು ಇವಳ ಹಾಗೆಯೇ ಕುಂತು ಹತ್ತುತ್ತಿದ್ದರು. ‘ಆಂಟಿ, ಇದು ಸೂಪರ್!’ ಅಂದರು.

ಕಾಡು ಮುಗಿಯಿತು. ಹುಲ್ಲುಗುಡ್ಡ ಬಂತು. ಗಾಳಿ ಜೋರಿರುತ್ತದೆ ಅಂತ ಮೂವತ್ತು ವರ್ಷ ಊರಿಗೆಲ್ಲ ಹೇಳಿದ್ದೆ. ಇಷ್ಟು ಅಂತ ನನಗೆ ಗೊತ್ತಿರಲಿಲ್ಲ. ನಮ್ಮಿಬ್ಬರ ಹಿಂದೆ ನಿಂತು ಯಾರೋ ತಳ್ಳಿದ ಹಾಗೆ. ಎತ್ತರದ ಹುಲ್ಲು ಒಂದೇ ಕಡೆ ಬಾಗಿ ಹೊಳೆಯುತ್ತಿತ್ತು, ದೂರದಲ್ಲಿ ಶರಾವತಿಯ ಹಿನ್ನೀರು ಬೆಳ್ಳಿಯ ತಗಡಿನಂತೆ. ಗಿರಿಜಾಳ ಕೆಂಪು ಶೂ ಆ ಹಸಿರಿನಲ್ಲಿ ಮುಂದೆ ಮುಂದೆ. ನಾನು ಅದನ್ನೇ ನೋಡಿಕೊಂಡು ನಡೆದೆ.

ಮೇಲಿನ ದೇವಸ್ಥಾನದ ಹತ್ತಿರ ಜೀಪುಗಳು ನಿಲ್ಲುವ ಜಾಗದಲ್ಲಿ ಒಂದು ಕಲ್ಲಿನ ಮೇಲೆ ನಮ್ಮಕ್ಕ ಕೂತಿದ್ದಳು. ಸೊಂಟಕ್ಕೆ ಎರಡೂ ಕೈ. ತಲೆಗೂದಲು, ಸೀರೆ, ಹುಬ್ಬು ಎಲ್ಲ ಕೆಂಪು ಧೂಳು. ಆ ಜೀಪಿನ ದಾರಿಯನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮನ್ನು ಕಂಡವಳು ಏಳಲು ಹೋಗಿ ‘ಅಯ್ಯಯ್ಯೋ’ ಅಂತ ಮತ್ತೆ ಕೂತಳು. ಗಿರಿಜಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

‘ಬಿದ್ಯನೇ?’

‘ಇಲ್ಲ ಅತ್ತಿಗೆ.’

‘ಎಲ್ಲೂ?’

‘ಎಲ್ಲೂ ಇಲ್ಲ.’

ಅಕ್ಕ ಮುಖ ಆಚೆ ತಿರುಗಿಸಿ ಧೂಳು ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

ದೇವಸ್ಥಾನದ ಭಟ್ಟರ ಮನೆಯಲ್ಲಿ ಊಟ ಮಾಡಿ ಸ್ವಲ್ಪ ಒರಗಿ, ಸಂಜೆ ಸರ್ವಜ್ಞ ಪೀಠಕ್ಕೆ ಹೊರಟೆವು. ಅಲ್ಲಿಗೆ ಜೀಪು ಹೋಗುವುದಿಲ್ಲ. ಇನ್ನೂ ಒಂದು ಏರು ಇದೆ. ಅಕ್ಕ, ‘ನನ್ನ ಕೈಲಿ ಆಗಲ್ಲಪ್ಪ, ನೀವು ಹೋಗ್ಬನ್ನಿ’ ಅಂದಳು. ಗಿರಿಜಾ ತನ್ನ ಕೋಲನ್ನು ಅಕ್ಕನ ಬಲಗೈಗೆ ಕೊಟ್ಟು, ಎಡಗೈಯನ್ನು ತಾನು ಹಿಡಿದಳು. ‘ಬನ್ನಿ ಅತ್ತಿಗೆ, ನಿಧಾನಕ್ಕೆ. ಉಸಿರು ಬಂದಾಗ ಒಂದು ಹೆಜ್ಜೆ.’ ನಮ್ಮಕ್ಕ, ನನ್ನನ್ನು ಎಳೆದುಕೊಂಡು ಶಾಲೆಗೆ ಹೋಗುತ್ತಿದ್ದ ನಮ್ಮಕ್ಕ, ಮಗುವಿನ ಹಾಗೆ ಕೈ ಹಿಡಿದು ಹೊರಟಳು. ಕಡಿದಾದಲ್ಲಿ ನಿಂತು, ನೀರು ಕುಡಿದು, ಜೀಪು ಡ್ರೈವರನ ಮನೆತನವನ್ನೆಲ್ಲ ಬೈದು, ಮತ್ತೆ ಹೊರಟು, ಅಂತೂ ಮೂರೂ ಜನ ತುದಿ ಮುಟ್ಟಿದೆವು.

ಕಲ್ಲಿನ ಪುಟ್ಟ ಮಂಟಪ. ಅದರಾಚೆ ಬೆಟ್ಟ ಕಡಿದು ಕೆಳಗಿಳಿಯುತ್ತದೆ, ಸಾಲು ಸಾಲು ಕಾಡು, ಕೊನೆಗೆ ಸಮುದ್ರ. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದ. ಬೆಳಗಿನ ಕಾಲೇಜು ಹುಡುಗಿಯರೂ ಅಲ್ಲಿದ್ದರು, ಜೊತೆಗೆ ಬೇರೆ ಊರಿನ ಹತ್ತಾರು ಜನ. ಆ ಬೇರೆ ಊರಿನವರಲ್ಲೊಬ್ಬ ಹುಡುಗಿ ಜಾಗ ಬಿಟ್ಟುಕೊಡುತ್ತ, ‘ಕೂತ್ಕೊಳಿ ಆಂಟಿ. ಜೀಪಲ್ಲಿ ತುಂಬ ಕಷ್ಟ ಆಯ್ತಾ?’ ಅಂತ ಗಿರಿಜಾಳನ್ನು ಕೇಳಿದಳು.

ಗಿರಿಜಾ ಬಾಯಿ ತೆರೆಯುವ ಮೊದಲೇ ನಮ್ಮಕ್ಕ ಅವಳ ಮುಂದೆ ಬಂದು ನಿಂತಳು.

‘ಜೀಪಲ್ಲಿ ಬಂದಿದ್ದು ನಾನು. ಇವ್ಳು ನಡ್ಕಂಡು ಬಂದಿದ್ದು. ಕೆಳಗಿಂದ. ಕಾಡಲ್ಲಿ. ತೊಡೇಲಿ ಇಷ್ಟುದ್ದ ಕಬ್ಬಿಣದ ರಾಡಿದೆ, ಗೊತ್ತನಾ ನಿಂಗೆ? ಹೋದ ದೀಪಾವಳಿಗೆ ಮಂಚದಿಂದ ಇಳೀತಿರ್ಲಿಲ್ಲ.’ ಉಸಿರು ಎಳೆದುಕೊಂಡು, ಮಂಟಪಕ್ಕೆಲ್ಲ ಕೇಳುವ ಹಾಗೆ ಸೇರಿಸಿದಳು, ‘ನಮ್ಮನೆ ಸೊಸೆ ಇವ್ಳು!’

ಬೆಳಗಿನ ಹುಡುಗಿಯರು ಚಪ್ಪಾಳೆ ಶುರುಮಾಡಿದರು, ಉಳಿದವರೂ ಸೇರಿದರು. ಗಿರಿಜಾಳಿಗೆ ನಾಚಿಕೆಯಾಗಿ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮೂರು ಹೆಜ್ಜೆ ಮುಂದೆ ಹೋಗಿ ಕಣಿವೆಗೆ ಮುಖ ಮಾಡಿ ನಿಂತಳು. ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಕಾಡಿನಲ್ಲಿ ಒಬ್ಬರಿಗೊಬ್ಬರು ಕಾಣದಾದಾಗ ಇಲ್ಲಿಯವರು ಹಾಕುವ ಕೂಗು ಹಾಕಿದಳು.

‘ಕೂ…ಊಊ!’

ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ನಾವೆಲ್ಲ ಕಿವಿಗೊಟ್ಟು ನಿಂತೆವು. ತುಂಬ ಕೆಳಗೆ, ಮರಗಳ ಹಸಿರಿನೊಳಗೆ, ಇನ್ನೂ ಹತ್ತುತ್ತಿದ್ದ ಯಾರೋ ಒಬ್ಬರು ತಿರುಗಿ ಕೂ ಹಾಕಿದರು.